ತಿಳಿ ನೀರಿನ ಪರೀಕ್ಷೆ

ತಂಗಿಗೆ ಮೊದಲು ಒಂದು ಕಣ್ಣು ಮಂಜಾಯಿತು. ಅದು ತಾನಾಗಿ ಸರಿಹೋಯಿತು ಅನ್ನುವಷ್ಟರಲ್ಲಿ ಬಲಗಾಲು ಮರಗಟ್ಟತೊಡಗಿತು. ಅವಳು ಬ್ಯಾಟರಾಯನಪುರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಮಕ್ಕಳ ಜೊತೆ ಓಡುವುದೇ ಅವಳ ಕೆಲಸ. ಹೆಬ್ಬಾಳದ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಸ್ಕ್ಯಾನ್ ನೋಡಿ, "ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಅನುಮಾನ ಇದೆ. ಮೈಯನ್ನ ಕಾಯೋ ಶಕ್ತಿನೇ ನರಗಳ ಹೊದಿಕೆ ಮೇಲೆ ಬೀಳೋ ಕಾಯಿಲೆ. ಬೆನ್ನಿಂದ ಸ್ವಲ್ಪ ನೀರು ತೆಗೆದು ಟೆಸ್ಟ್ ಮಾಡೋಣ" ಎಂದರು.

ಅಮ್ಮ ಎದ್ದು ನಿಂತಳು. "ಬೆನ್ನಿನ ನೀರು ತೆಗುದ್ರೆ ಕಾಲೇ ಓಯ್ತದೆ. ಎಲ್ರಿಗೂ ಗೊತ್ತಿರೋದೇ!"

ಎಲ್ಲರಿಗೂ ಗೊತ್ತಿರುವ ಸಂಗತಿಗಳನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾರ ಕಾಲು ಹೋಯಿತು ಹೇಳು ಎಂದು ಅಲ್ಲೇ ಜಗಳಕ್ಕೆ ನಿಂತೆ. ಕೊನೆಗೆ ತಂಗಿಯೇ, "ಬೆನ್ನು ನಂದಮ್ಮಾ, ನಾನ್ ತೆಗೆಸ್ಕೊತೀನಿ" ಎಂದಳು.

ಪರೀಕ್ಷೆಯ ದಿನ ಅಮ್ಮ ಹಟ ಹಿಡಿದು ಒಳಗೇ ನಿಂತಳು, ಬಾಗಿ ಕೂತ ಮಗಳ ಕೈ ಹಿಡಿದುಕೊಂಡು. ನರ್ಸ್ ನೀರು ತುಂಬಿದ ಸಣ್ಣ ಸೀಸೆಗಳನ್ನು ಎತ್ತಿಕೊಂಡಾಗ ಅಮ್ಮನ ಮುಖ ಅರಳಿತಂತೆ. ಹೆಸರಘಟ್ಟದ ಕಡೆ ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ನಮ್ಮನ್ನು ಸಾಕಿದವಳು ಅಮ್ಮ. ಡೇರಿಯವರು ಅಳತೆಗೆ ಇಳಿಯುವ ಮೊದಲೇ ಹಾಲಿನ ಗುಣವನ್ನು ಕಣ್ಣಲ್ಲೇ ಹೇಳುತ್ತಿದ್ದಳು. ಈ ನೀರನ್ನೂ ಹಾಗೇ ನೋಡಿದಳು. "ಎಷ್ಟು ತಿಳಿಯಾಗಿ ಅದೆ! ಒಂದು ಕಸ ಇಲ್ಲ. ನಿಂಗೆ ಏನೂ ಇಲ್ಲ ಕಣೆ."

ಮನೆಗೆ ಬಂದವಳೇ ನೆಂಟರಿಗೆಲ್ಲ ಫೋನ್ ಮಾಡಿದಳು. ಶಾವಿಗೆ ಪಾಯಸ ಮಾಡಿದಳು. ನೀರು ತೆಗೆದದ್ದಕ್ಕೆ ತಲೆ ಸಿಡಿಯುತ್ತಿದ್ದರೂ ತಂಗಿ ಮಲಗಿದ್ದಲ್ಲೇ ನಗುತ್ತಾ ತಿಂದಳು. ಈ ಕಾಯಿಲೆಯಲ್ಲೂ ಆ ನೀರು ತಿಳಿಯಾಗಿಯೇ ಇರುತ್ತದೆಂದು ಡಾಕ್ಟರು ನನಗೆ ಹೇಳಿದ್ದರು. ಆದರೆ ಆ ಪಾಯಸದ ಮುಂದೆ ನನಗೆ ಬಾಯಿ ಬರಲಿಲ್ಲ. ಅಮ್ಮನ ಕಣ್ಣೇ ನಿಜವಾಗಲಿ ಎಂದು ನನಗೂ ಆಸೆಯಿತ್ತು.

ರಿಪೋರ್ಟ್ ಬಂದಾಗ ಮೂವರೂ ಹೋದೆವು. ಡಾಕ್ಟರು ನಿಧಾನವಾಗಿ ಹೇಳಿದರು. "ಬೆನ್ನಿನ ನೀರಿನ ಟೆಸ್ಟಲ್ಲಿ ಕೆಲವು ಪ್ರೋಟೀನ್ ಪಟ್ಟಿಗಳು ಕಾಣ್ತಿವೆ, ಬರಿಗಣ್ಣಿಗೆ ಕಾಣಲ್ಲ. ಜೊತೆಗೇ ತೆಗೆದ ರಕ್ತದಲ್ಲಿ ಅವು ಇಲ್ಲ. ಅಂದ್ರೆ ತೊಂದರೆ ಇರೋದು ಮಿದುಳು, ಬೆನ್ನುಹುರಿ ಒಳಗೇ. ಇದೊಂದನ್ನೇ ನೋಡಿ ಹೇಳ್ತಿಲ್ಲ. ಸ್ಕ್ಯಾನು, ಕಣ್ಣು, ಕಾಲು ಎಲ್ಲಾ ಸೇರ್ಸಿ ನೋಡಿದ್ರೆ ಅದೇ ಕಾಯಿಲೆ. ಹತೋಟಿಲಿಡೋಕೆ ಔಷಧಿ ಇದೆ. ಪೂರ್ತಿ ವಾಸಿ ಮಾಡೋಕೆ ಇಲ್ಲ."

ತಂಗಿ ಅಳಲಿಲ್ಲ. ಶಾಲೆಗೆ ಯಾವಾಗಿಂದ ಹೋಗಬಹುದು ಎಂದಷ್ಟೇ ಕೇಳಿದಳು. ನನಗೆ ಆ ಡಾಕ್ಟರ ಮೇಲೆ, ರಿಪೋರ್ಟಿನ ಮೇಲೆ, ಯಾರ ಮೇಲೆಂದು ಗೊತ್ತಿಲ್ಲದೆ ಸಿಟ್ಟು ಬಂತು.

ಅಮ್ಮ ಸ್ಟೂಲಿನ ಮೇಲೆ ಕೂತಳು. ಡಾಕ್ಟರ ಕಡೆ ಬೆನ್ನು ತಿರುಗಿಸಿ, ಸೆರಗು ಸರಿಸಿ, ಅಂದು ಮಗಳು ಬಾಗಿದ ಹಾಗೇ ಬಾಗಿದಳು.

"ನನ್ ನೀರು ತಕ್ಕೊಂಡು ಅವಳಿಗೆ ಆಕಿ ಸಾಮಿ. ನನ್ ಕಾಲು ಓದ್ರೆ ಓಗ್ಲಿ."

"ಹಂಗೆ ಮಾಡಕ್ಕಾಗಲ್ಲಮ್ಮ" ಎಂದರು ಡಾಕ್ಟರು. ಅಮ್ಮ ಬಾಗಿದಲ್ಲಿಂದ ಏಳಲಿಲ್ಲ. ತಂಗಿ ಕಾಲೆಳೆಯುತ್ತಾ ಹೋಗಿ ಅವಳ ಬೆನ್ನ ಮೇಲೆ ಸೆರಗು ಹೊದಿಸಿದಳು.