ಕಾಮಾ ಮೇಷ್ಟ್ರ ಅರ್ಧ ಪರದೆ

ಅಚ್ಚುಮನೆಯಲ್ಲಿ ಎಲ್ಲರೂ ಅವರನ್ನು ಕಾಮಾ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವರಲ್ಲ, ಕರಡು ತಿದ್ದುವವರು. ಒಂದು ಅಲ್ಪವಿರಾಮ ಜಾಗ ತಪ್ಪಿದರೂ ಬಾಯಿಗೆ ಕಲ್ಲು ಸಿಕ್ಕವರಂತೆ ಮುಖ ಮಾಡುತ್ತಿದ್ದರು. ಟೈಪ್ ಮಾಡಿ ಪುಟ ಕಟ್ಟುವ ಕೆಲಸ ಅವರ ಹೆಂಡತಿಯದು. ಇಬ್ಬರ ಮೇಜೂ ಎದುರುಬದುರು. ಮನೆಯಲ್ಲಿ ಮುಗಿಯದ ಜಗಳ ಅಲ್ಲಿ ಮುಂದುವರಿಯುತ್ತಿತ್ತು.

ಪಾರ್ಶ್ವವಾಯು ಬಡಿದಾಗ ಕೈಕಾಲು ಹೇಗೋ ಉಳಿದುಕೊಂಡವು. ಎಡಗಡೆಯ ನೋಟ ಮಾತ್ರ ಎರಡೂ ಕಣ್ಣಿನಿಂದ ಹೋಯಿತು. "ಕಾಣದಿದ್ರೆ ಕತ್ತು ತಿರುಗಿಸಿ ಹುಡುಕಿ," ಎಂದಿದ್ದರು ಡಾಕ್ಟರು. ಮೇಷ್ಟ್ರು ಹುಡುಕಲಿಲ್ಲ. ತಟ್ಟೆಯ ಎಡಭಾಗದ ಊಟ ಹಾಗೇ ಉಳಿಯುತ್ತಿತ್ತು; ಹೆಂಡತಿ ಬಯ್ಯುತ್ತಲೇ ತಟ್ಟೆ ತಿರುಗಿಸಿಡುತ್ತಿದ್ದಳು.

ಹಟ ಮಾಡಿ ಕೆಲಸಕ್ಕೇನೋ ಬಂದರು. ಪರದೆ ತುಂಬ ಹರಡಿದ್ದ ಪುಟದಲ್ಲಿ ಸಾಲುಗಳ ಶುರುವೇ ಕಾಣಲಿಲ್ಲ.

"ಯಾರೇ ಇದನ್ನ ಟೈಪ್ ಮಾಡಿದ್ದು? ಎಲ್ಲಾ ಅರ್ಧಂಬರ್ಧ!"

ಮಾಡಿದವಳು ಆಕೆಯೇ. ಆದರೂ ತಿರುಗಿ ಬಯ್ಯಲಿಲ್ಲ. ಆ ಮೌನದಿಂದಲೇ ಅವರಿಗೆ ಅರ್ಥವಾಯಿತು. ಕನ್ನಡಕ ತೆಗೆದಿಟ್ಟರು.

"ಸಾಕು ಕಣೇ. ಮನೆಗೆ ಹೋಗೋಣ."

"ಸ್ವಲ್ಪ ಇರಿ."

ಪುಟ ತೆರೆದಿದ್ದ ವಿಂಡೋದ ಮೇಲಿನ ಬಲ ಮೂಲೆಯಲ್ಲಿ ಮೂರು ಗುಂಡಿ. ಒಂದರಲ್ಲಿ ಗೆರೆ, ಕೊನೆಯದರಲ್ಲಿ ಇಂಟು ಮಾರ್ಕು. ನಡುವಿನದರಲ್ಲಿ ಒಂದರ ಹಿಂದೊಂದು ಅಡಗಿದ ಎರಡು ಚೌಕ. ಆಕೆ ನಡುವಿನದನ್ನು ಒತ್ತಿದಳು. ವಿಂಡೋ ಕುಗ್ಗಿತು, ಗುಂಡಿಯಲ್ಲಿ ಒಂದೇ ಚೌಕ ಉಳಿಯಿತು. ಅಂಚು ಹಿಡಿದು ಇನ್ನಷ್ಟು ಕಿರಿದು ಮಾಡಿ, ಇಡೀ ಪುಟವನ್ನು ಪರದೆಯ ಬಲಕ್ಕೆ ಎಳೆದಿಟ್ಟಳು.

ಮೇಷ್ಟ್ರು ಓದಿದರು. ಸ್ವಲ್ಪ ಹೊತ್ತಿಗೆ, "ಇಲ್ಲೊಂದು ಕಾಮಾ ಬೇಕಲ್ಲೇ!" ಎಂದು ಗದರಿದರು. ಆಕೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಆ ತಂತ್ರಾಂಶವೋ, ದಿನಾ ಬೆಳಗ್ಗೆ ಮತ್ತೆ ಪರದೆ ತುಂಬಿಯೇ ತೆರೆಯುತ್ತಿತ್ತು. ಆಕೆಯೂ ದಿನಾ ಕುಗ್ಗಿಸಿ ಕೊಡುತ್ತಿದ್ದಳು. ಒಂದು ದಿನ ಆಕೆಗೆ ಜ್ವರ ಬಂತು; ಮೇಷ್ಟ್ರು ಒಬ್ಬರೇ ಕೆಲಸಕ್ಕೆ ಬಂದರು.

"ನಾನು ಮಾಡ್ಕೊಡ್ಲಾ ಮೇಷ್ಟ್ರೇ?" ಎಂದು ಅಚ್ಚುಮನೆಯ ಯಜಮಾನರು ಕೇಳಿದರು.

"ಬೇಡ ಬಿಡಿ," ಎಂದವರೇ ಗೆರೆಯ ಗುಂಡಿ ಒತ್ತಿದರು. ಪುಟ ಮಾಯ!

"ಎಲ್ಲೂ ಹೋಗಿಲ್ಲ, ಕೆಳಗಿನ ಪಟ್ಟೀಲಿ ಕೂತಿದೆ," ಯಜಮಾನರು ನಕ್ಕರು.

ಮೇಷ್ಟ್ರು ಅದನ್ನು ಮೇಲೆ ಕರೆದು ನಡುವಿನ ಗುಂಡಿ ಒತ್ತಿದರು. ಈಗ ಅಂಚು ಹಿಡಿಯಬೇಕು, ಹಿಡಿಯಬೇಕಾದದ್ದು ಎಡದ ಅಂಚು. ಕಾಣಿಸಲಿಲ್ಲ. ಬಾಣದ ಗುರುತನ್ನು ಕುರುಡಾಗಿ ಆಡಿಸಿದರು. ಕೊನೆಗೆ ನಿಧಾನವಾಗಿ ಕತ್ತು ಎಡಕ್ಕೆ ತಿರುಗಿಸಿದರು. ಅಂಚು ಅಲ್ಲೇ ಇತ್ತು. ಅದರಾಚೆ ಗೋಡೆ, ಗೋಡೆಯಲ್ಲಿ ಬಾಗಿಲು, ಬಾಗಿಲಾಚೆ ಬಿಸಿಲು.

ಸಂಜೆ ಮನೆಗೆ ಬಂದವರೇ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿದರು.

"ನಾನು ಇಷ್ಟು ದಿನ ಬಾಯಿ ಬಡ್ಕೊಂಡ್ರೂ ತಿರುಗದ ಕತ್ತು, ಕಂಪ್ಯೂಟರ್‌ಗೆ ತಿರುಗ್ತಾ?" ಎಂದಳು ಆಕೆ.

ಆಕೆ ಮಲಗಿದ್ದದ್ದು ಅವರ ಎಡಕ್ಕೆ. ಮೇಷ್ಟ್ರು ಕತ್ತು ತಿರುಗಿಸಿ, ಆಕೆಯ ಮುಖ ಪೂರ್ತಿ ಸಿಗುವವರೆಗೂ ತಿರುಗಿಸಿ, ಹಣೆ ಮುಟ್ಟಿ ನೋಡಿದರು. ಜ್ವರ ಇಳಿದಿತ್ತು.