ಎಲೆ ಅಡಿಕೆಗೆ ಮೊದಲು ಡಯಲ್ ಗೇಜ್

೨೦೨೩ರ ನವೆಂಬರ್ ತಿಂಗಳು. ಚಾಮರಾಜನಗರದ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಮೆಷಿನಿಸ್ಟ್ ವಿಭಾಗದ ಬೋಧಕನಾಗಿ ಮೂವತ್ತೊಂದು ವರ್ಷ ದುಡಿದು ನಾನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ನಿವೃತ್ತಿಯೆಂದರೆ ನೆಮ್ಮದಿ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಮಿಕ್ಸಿ ಸದ್ದು ಮಾಡಿದರೂ ನಾನು, ಬೋರ್‌ವೆಲ್ ಮೋಟಾರು ಸುಟ್ಟರೂ ನಾನು. ಸಲಹೆ ಕೇಳುತ್ತಾರೆ, ತಲೆಯಾಡಿಸುತ್ತಾರೆ, ಕಾಫಿ ಕುಡಿಯುತ್ತಾರೆ, ಆಮೇಲೆ ಹೋಗಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಹಾಗಾಗಿ ಹಳೆಯ ವಿದ್ಯಾರ್ಥಿ ಮಾದೇಶ ಬೇಗೂರಿನಿಂದ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಿಂತಾಗ ನನಗೆ ಅಂಥ ಖುಷಿಯೇನೂ ಆಗಲಿಲ್ಲ.

"ಮೇಷ್ಟ್ರೇ, ಒಂದು ಮಿಲ್ಲಿಂಗ್ ಮೆಷಿನ್ನು ತಕ್ಕಬೇಕು ಕಣಿ. ನೀವು ನೋಡಿ ಊಂ ಅಂದ್ರೆ ಮಾತ್ರ ತಕ್ಕತೀನಿ" ಎಂದ.

ಮಾದೇಶನಿಗೆ ಆಗ ನಲವತ್ತೆರಡು ವರ್ಷ. ಬೇಗೂರಿನಲ್ಲಿ ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಒಂದು ವೆಲ್ಡಿಂಗ್ ಸೆಟ್ಟು ಇಟ್ಟುಕೊಂಡಿದ್ದ. ಗುಂಡ್ಲುಪೇಟೆ ಸುತ್ತಿನ ಅರಿಶಿನದ ಪಾಲಿಷ್ ಡ್ರಮ್ಮುಗಳ ರಿಪೇರಿಯೇ ಅವನ ಮುಖ್ಯ ಕೆಲಸ. ಬೇಯಿಸಿ ಒಣಗಿಸಿದ ಅರಿಶಿನವನ್ನು ಈ ಡ್ರಮ್ಮಿಗೆ ತುಂಬಿ ತಿರುಗಿಸಿದರೆ ಒರಟು ಸಿಪ್ಪೆ ಉದುರಿ ಕೊಂಬು ಹೊಳೆಯುತ್ತದೆ. ಡ್ರಮ್ಮಿನ ನಡುವಿನ ಉಕ್ಕಿನ ದಂಡಕ್ಕೆ, ಅಂದರೆ ಶಾಫ್ಟಿಗೆ, ಚೈನಿನ ಹಲ್ಲುಚಕ್ರವನ್ನು ಕಚ್ಚಿಸುವುದು ಒಂದು ಪುಟ್ಟ ಉಕ್ಕಿನ ಪಟ್ಟಿ. ಅದಕ್ಕೆ ಕೀ ಎನ್ನುತ್ತಾರೆ. ಅದು ಕೂರುವ ಕಾಲುವೆ ಕೀವೇ. ನಲವತ್ತು ಮಿಲಿಮೀಟರ್ ದಪ್ಪದ ಶಾಫ್ಟಿಗೆ ಹನ್ನೆರಡು ಮಿಲಿಮೀಟರ್ ಅಗಲ, ಐದು ಮಿಲಿಮೀಟರ್ ಆಳದ ಕೀವೇ ಬೇಕು. ಲೇತ್‌ನಲ್ಲಿ ಕೆಲಸದ ತುಂಡು ತಿರುಗುತ್ತದೆ. ಮಿಲ್ಲಿಂಗ್ ಮೆಷಿನ್ನಿನಲ್ಲಿ ಕಟರ್ ತಿರುಗುತ್ತದೆ, ಕೆಳಗಿನ ಟೇಬಲ್ಲಿಗೆ ಬಿಗಿದ ತುಂಡು ಅತ್ತಿತ್ತ ಸರಿಯುತ್ತದೆ. ಕೀವೇಯನ್ನು ನೇರವಾಗಿ, ಅಳತೆಗೆ ಸರಿಯಾಗಿ ಕಡಿಯಲು ಅದೇ ಬೇಕು.

ಮಾದೇಶ ಅಲ್ಲಿಯವರೆಗೆ ಕೀವೇಗಳನ್ನು ಉಳಿ, ಅರದಲ್ಲಿ ಕೈಯಿಂದಲೇ ಕಡಿಯುತ್ತಿದ್ದ. ಮೈಸೂರಿಗೆ ಕಳಿಸಿದರೆ ಎರಡು ದಿನ ಹೋಗುತ್ತದೆ, ಸಂಕ್ರಾಂತಿಯಿಂದ ಶುರುವಾಗುವ ಅರಿಶಿನದ ಸೀಸನ್ನಿನಲ್ಲಿ ಯಾರೂ ಎರಡು ದಿನ ಕಾಯುವುದಿಲ್ಲ. ಹಿಂದಿನ ಮಾರ್ಚಿನಲ್ಲಿ ಅವನು ಹಾಗೆ ಅರ ಹಾಕಿ ಕೂರಿಸಿದ್ದ ಒಂದು ಕೀ ಸಡಿಲಾಗಿ ಜಾರಿತು. ನಿಲ್ಲಿಸಿದ್ದ ಡ್ರಮ್ಮು ಚೈನಿನ ಹಿಡಿತ ತಪ್ಪಿ, ತುಂಬಿದ ಅರಿಶಿನದ ಭಾರಕ್ಕೆ ತಾನಾಗಿ ತಿರುಗಿತು. ಡ್ರಮ್ಮಿನ ಬಾಯಿಂದ ಅರಿಶಿನ ಎಳೆಯುತ್ತಿದ್ದವಳ ಎಡಗೈ ಡ್ರಮ್ಮಿಗೂ ಚೌಕಟ್ಟಿಗೂ ನಡುವೆ ಸಿಕ್ಕಿತು. ಅವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿ ಸುಂದ್ರಮ್ಮ. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

"ಇನ್ನು ಕೈಯಲ್ಲಿ ಒಂದೂ ಕೀವೇ ಕಡಿಯಲ್ಲ ಮೇಷ್ಟ್ರೇ. ಸಂಕ್ರಾಂತಿ ಒಳ್ಗೆ ಮೆಷಿನ್ನು ಬಂದ್ರೆ ಸರಿ. ಇಲ್ದಿದ್ರೆ ಶೆಡ್ಡಿಗೆ ಬೀಗ ಹಾಕ್ಬುಟ್ಟು ಬದನಗುಪ್ಪೆ ಫ್ಯಾಕ್ಟರಿಲಿ ಎಲ್ಪರ್ ಆಗೋಯ್ತೀನಿ" ಎಂದ.

ಹದಿನಾರು ವರ್ಷ ಸ್ವಂತವಾಗಿ ದುಡಿದವನು ಇನ್ನೊಬ್ಬರ ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗುವುದು ಎಂಥ ಮಾತು! ನಾನು ಒಪ್ಪಿಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಮೊದಲನೆಯ ಕಾಟ ಅವನ ಮೊಬೈಲ್. ದಿನಕ್ಕೆ ನಾಲ್ಕು ವೀಡಿಯೊ ಕಳಿಸುತ್ತಿದ್ದ. ಯಾವುದೋ ದೇಶದ ಯಾರೋ ಒಬ್ಬ ಗಡ್ಡದವನು ಅಲ್ಯೂಮಿನಿಯಂ ತುಂಡನ್ನು ಬೆಣ್ಣೆಯಂತೆ ಕಡಿಯುತ್ತಾನೆ, ಅದನ್ನು ನೋಡಿ ಇವನು ಇಲ್ಲಿ ನಿದ್ದೆ ಬಿಡುತ್ತಾನೆ. "ನೀನು ಕಡಿಯುವುದು ಉಕ್ಕು ಮಾರಾಯ, ಅಲ್ಯೂಮಿನಿಯಂ ಅಲ್ಲ" ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಒಮ್ಮೆ ದುಂಡು ಕಂಬದ ಮೆಷಿನ್ನನ್ನು ಇನ್ನೇನು ಬುಕ್ ಮಾಡುವುದರಲ್ಲಿದ್ದ. ಅದು ಅಗ್ಗ, ನಿಜ. ಆದರೆ ಅದರಲ್ಲಿ ಕಟರಿನ ಹೆಡ್ ಮೇಲೆ ಕೆಳಗೆ ಸರಿಸಿದಾಗಲೆಲ್ಲ ಕಂಬದ ಸುತ್ತ ಕೊಂಚ ತಿರುಗಿಬಿಡುತ್ತದೆ, ಹಿಡಿದ ಗುರಿ ತಪ್ಪುತ್ತದೆ. ಕಂಬಕ್ಕೆ ಡವ್‌ಟೇಲ್ ಇರಬೇಕು, ಅಂದರೆ ಹೆಡ್ ಅಲ್ಲಾಡದಂತೆ ಕಚ್ಚಿ ಹಿಡಿಯುವ ಓರೆ ಅಂಚಿನ ಹಾದಿ ಇರಬೇಕು. ಇದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ತಲೆಯಾಡಿಸಿದ. ಮರುದಿನ ಬೆಳಿಗ್ಗೆ ಮತ್ತೆ ಅದೇ ದುಂಡು ಕಂಬದ ವೀಡಿಯೊ, "ಇದು ಬೇರೆ ಬಣ್ಣ ಮೇಷ್ಟ್ರೇ" ಎಂಬ ಒಕ್ಕಣೆಯೊಂದಿಗೆ!

ಎರಡನೆಯ ಕಾಟ ಅವನ ಸೋದರಮಾವ. ಪುಣಜನೂರಿನ ಗುರುಮಲ್ಲಪ್ಪನವರು, ಅನುಕೂಲಸ್ಥ ಜಮೀನ್ದಾರರು, ಒಳ್ಳೆಯ ಮನುಷ್ಯರು. ಅಕ್ಕನ ಮಗನನ್ನು ಕೈಹಿಡಿದು ಬೆಳೆಸಿದವರು. ಅವರು ಹೇಳಿದ ಮೇಲೆ ಆ ಮನೆಯಲ್ಲಿ ಇನ್ನೊಂದು ಮಾತಿಲ್ಲ. ಮೆಷಿನ್ನಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ, ಅದು ಭಾರವಾಗಿರಬೇಕು. ನಾನು ಆರಿಸಿದ್ದು ನೂರೆಂಬತ್ತು ಕಿಲೋ ತೂಗುವ, ಡವ್‌ಟೇಲ್ ಕಂಬದ, ಒಂದೂವರೆ ಹೆಚ್‌ಪಿಯ ಹೊಸ ಬೆಂಚ್ ಮೆಷಿನ್, ಅಂದರೆ ಮೇಜಿನ ಮೇಲೆ ಕೂರಿಸುವಂಥದ್ದು. ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ಓಡುತ್ತದೆ. ಒಂದೇ ಏಟಿಗೆ ಕಡಿಯುವ ಶಕ್ತಿ ಇಲ್ಲ, ಐದಾರು ಸಲ ತೆಳುವಾಗಿ ಕಡಿಯಬೇಕು. ಆದರೆ ಅಳತೆ ತಪ್ಪುವುದಿಲ್ಲ. ಅದರ ಚಿತ್ರ ನೋಡಿ ಗುರುಮಲ್ಲಪ್ಪನವರು ನಕ್ಕೇಬಿಟ್ಟರು.

"ಏನ್ ಮೇಷ್ಟ್ರೇ, ಇದು ಒಲಿಗೆ ಮೆಷಿನ್ನಾ? ಇಬ್ರು ಎತ್ಗಂಡು ಓಗ್ಬುಡ್ತಾರೆ ಕಣಿ."

"ಎತ್ತಿಕೊಂಡು ಹೋಗುವವರ ಚಿಂತೆ ಆಮೇಲೆ. ನೀವು ಹೇಳುವ ದೊಡ್ಡ ಮೆಷಿನ್ನಿಗೆ ತ್ರೀ ಫೇಸ್ ಬೇಕು. ಎಲ್ಲಿಂದ ತರುತ್ತೀರಿ?" ಎಂದೆ.

"ಮಾದೇಶನ ಒಲದಲ್ಲಿ ಪಂಪ್‌ಸೆಟ್ ಲೈನಿಲ್ವಾ? ಎಳ್ಕಂಡ್ರಾಯ್ತು ಬುಡಿ."

ಮೈ ಉರಿದುಹೋಯಿತು. ಪಂಪ್‌ಸೆಟ್ಟಿನ ಕರೆಂಟು ಹೊಲಕ್ಕೆ ನೀರು ಹಾಯಿಸಲು ಕೊಟ್ಟದ್ದು, ವರ್ಕ್‌ಶಾಪ್ ನಡೆಸಲು ಅಲ್ಲ. ಅದು ಬರುವುದೂ ದಿನದಲ್ಲಿ ಕೆಲವೇ ಗಂಟೆ. ಅದೂ ಅಲ್ಲದೆ ಹೊಲದಿಂದ ಬೇಗೂರಿನ ಮನೆಗೆ ತಂತಿ ಎಳೆಯುವುದು ಯಾವ ಕಾನೂನು? ಇಷ್ಟನ್ನೂ ಹೇಳಿದೆ. ಅವರು ಮೀಸೆಯಲ್ಲೇ ನಕ್ಕು ಎಲೆಗೆ ಸುಣ್ಣ ಹಚ್ಚತೊಡಗಿದರು.

ಡಿಸೆಂಬರ್ ಎರಡನೆಯ ವಾರ ಮಾದೇಶನ ಫೋನು ಬಂತು. ಬದನಗುಪ್ಪೆ ಕಡೆಯ ರಸ್ತೆಯಲ್ಲಿ ಹಳೆಯ ಮೆಷಿನ್ ಮಾರುವ ಗೋದಾಮೊಂದಿದೆಯಂತೆ, ಮಾವ ಅಲ್ಲೊಂದು ನೋಡಿಟ್ಟಿದ್ದಾರಂತೆ, ಸುಮ್ಮನೆ ಒಂದು ಕಣ್ಣು ಹಾಯಿಸಬೇಕಂತೆ. ನಾನು ಚೀಲಕ್ಕೆ ಡಯಲ್ ಗೇಜ್ ಹಾಕಿಕೊಂಡು ಹೊರಟೆ. ಗಡಿಯಾರದ ಮುಖವಿರುವ ಈ ಪುಟ್ಟ ಸಾಧನವನ್ನು ಅಯಸ್ಕಾಂತದ ಕಾಲಿನ ಮೇಲೆ ನಿಲ್ಲಿಸಿ ಮೆಷಿನ್ನಿಗೆ ತಾಗಿಸಿದರೆ, ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಲುಗಾಡಿದರೂ ಮುಳ್ಳು ತೋರಿಸಿಬಿಡುತ್ತದೆ. ಹಳೆಯ ಮೆಷಿನ್ ಕೊಳ್ಳುವಾಗ ಇದಿಲ್ಲದೆ ಹೋಗಬಾರದು ಎಂದು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದವನು ನಾನೇ.

ಗೋದಾಮಿನಲ್ಲಿ ನಿಂತಿದ್ದ ಮೆಷಿನ್ ನೋಡಲು ರಾಜಗಾಂಭೀರ್ಯದ್ದು. ಒಂದು ಟನ್ನಿಗೂ ಮೀರಿದ ತೂಕ, ಹೊಸದಾಗಿ ಬಳಿದ ಹಸಿರು ಬಣ್ಣ. ಬೆಲೆಯೂ ನಾನು ಹೇಳಿದ ಹೊಸ ಮೆಷಿನ್ನಿಗಿಂತ ಕಡಿಮೆ. ಗುರುಮಲ್ಲಪ್ಪನವರು ಬಿಳಿ ಪಂಚೆ ಉಟ್ಟು ಆಗಲೇ ಬಂದಿದ್ದರು. ನಾನು ಚೀಲ ಕೆಳಗಿಡುವಷ್ಟರಲ್ಲಿ ಅವರು ತಟ್ಟೆಯಲ್ಲಿ ಎಲೆ ಅಡಿಕೆ, ಅದರ ಮೇಲೆ ಮುಂಗಡವಿಟ್ಟು ವ್ಯಾಪಾರಿಯ ಕೈಗೆ ಹಿಡಿಸಿಬಿಟ್ಟರು. ಅವತ್ತು ದಿನ ಚೆನ್ನಾಗಿತ್ತಂತೆ, ಹನ್ನೊಂದು ಗಂಟೆಗೆ ಮೊದಲೇ ಮಾತು ಮುಗಿಯಬೇಕಿತ್ತಂತೆ. ವ್ಯಾಪಾರಿ ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ನಮ್ಮ ಕಡೆ ಎಲೆ ಅಡಿಕೆ ಕೈ ಬದಲಾಯಿಸಿತೆಂದರೆ ವ್ಯಾಪಾರ ಮುಗಿಯಿತು. ಮನೆ, ಜಮೀನು, ಎತ್ತು, ಯಾವುದೇ ಆಗಲಿ, ಮತ್ತೆ ಹಿಂದೆ ಸರಿಯುವ ಮಾತಿಲ್ಲ.

ಆಮೇಲೆ ತಟ್ಟೆ ನನ್ನ ಮುಂದೆ ಬಂತು. "ತಕ್ಕಳಿ ಮೇಷ್ಟ್ರೇ, ದೊಡ್ಡೋರು ನೀವು" ಎಂದರು ಗುರುಮಲ್ಲಪ್ಪನವರು. ನಾನು ಒಂದು ಎಲೆ ತೆಗೆದುಕೊಂಡೆ. ಬಾಯಿಗೂ ಹಾಕಿಕೊಂಡೆ.

ಆಮೇಲೆ ಗೇಜ್ ತೆಗೆದೆ. ಟೇಬಲ್ಲಿನ ಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸಿ ಹಿಂದಕ್ಕೆ ತಿರುಗಿಸಿದರೆ ಕಾಲು ಸುತ್ತು ಬಿಟ್ಟಿಯಾಗಿ ತಿರುಗಿತು, ಟೇಬಲ್ ಕದಲಲೇ ಇಲ್ಲ. ಅದನ್ನಾದರೂ ಸಹಿಸಬಹುದು, ಅಭ್ಯಾಸವಾದ ಕೈ ಅದನ್ನು ನಿಭಾಯಿಸುತ್ತದೆ. ಟೇಬಲ್ಲಿನ ತುದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದಾಗ ಮುಳ್ಳು ಇಪ್ಪತ್ತೆಂಟು ಗೆರೆ ಓಡಿತು. ಅಂದರೆ ಕಾಲು ಮಿಲಿಮೀಟರಿಗೂ ಹೆಚ್ಚು. ವರ್ಷಗಟ್ಟಲೆ ನಡುಭಾಗದಲ್ಲೇ ಓಡಿ ಓಡಿ ಟೇಬಲ್ ಸರಿಯುವ ಹಾದಿ ಸವೆದಿತ್ತು. ನಡುವಿಗೆ ಸರಿಯಾಗಲೆಂದು ಬಿಗಿ ಮಾಡಿದರೆ ತುದಿಯಲ್ಲಿ ಟೇಬಲ್ ಸಿಕ್ಕಿಕೊಳ್ಳುತ್ತಿತ್ತು. ಹಸಿರು ಬಣ್ಣ ಬಳಿದದ್ದು ಇದನ್ನು ಮುಚ್ಚುವುದಕ್ಕೇ. ಇದರಲ್ಲಿ ಹನ್ನೆರಡು ಮಿಲಿಮೀಟರಿನ ಕೀವೇ ಕಡಿದರೆ ಹನ್ನೆರಡೂಕಾಲು ಆಗುತ್ತದೆ. ಕೀ ಅದರೊಳಗೆ ಗಡಗಡ ಎನ್ನುತ್ತದೆ.

"ಇದು ಬೇಡ" ಎಂದೆ.

ವ್ಯಾಪಾರಿ ನನ್ನ ಬಾಯಿ ನೋಡಿದ. "ಎಲೆ ತಿಂದಾಯ್ತಲ್ಲಾ ಸಾರ್" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು? ಗುರುಮಲ್ಲಪ್ಪನವರ ಮುಖ ಕೆಂಪಾಯಿತು. "ಕೊಟ್ಟ ಮಾತು ಕೊಟ್ಟಂಗೆ ಮೇಷ್ಟ್ರೇ. ನಾಳೆ ಲಾರಿ ಕಳಿಸ್ತೀನಿ" ಎಂದುಬಿಟ್ಟರು. ಮಾದೇಶ ಮಾವನ ಮುಖ ನೋಡಿದ, ನನ್ನ ಮುಖ ನೋಡಿದ, ಕೊನೆಗೆ ನೆಲ ನೋಡಿದ. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು, ಬಣ್ಣದ ಡಬ್ಬಿಯ ಮೇಲೂ ಕೂಡ.

ಊಟಕ್ಕೆಂದು ಬೇಗೂರಿಗೆ ಕರೆದೊಯ್ದರು. ಸುಂದ್ರಮ್ಮ ಮುದ್ದೆ ಬಡಿಸಿದಳು. ಎಡಗೈಯ ಎರಡು ಬೆರಳು ನೆಟ್ಟಗೆ ನಿಂತಿದ್ದವು, ಪಾತ್ರೆಯನ್ನು ಉಳಿದ ಮೂರರಲ್ಲೇ ಹಿಡಿದಿದ್ದಳು. ನಡೆದದ್ದೆಲ್ಲ ಗಂಡನ ಬಾಯಿಂದ ಕೇಳಿಸಿಕೊಂಡಳು. ಒಳಗೆ ಹೋಗಿ ಒಂದು ಸವೆದ ಕೀ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಮಾರ್ಚಿನಲ್ಲಿ ಜಾರಿದ್ದು ಅದೇ ಕೀ.

"ಮೇಷ್ಟ್ರೇ, ಆ ಮೆಷಿನ್ನಲ್ಲಿ ಕಡಿದ್ರೆ ಕೀ ಗಟ್ಟಿಯಾಗಿ ಕೂತ್ಕತದಾ?"

"ಇಲ್ಲಮ್ಮ. ಇದರ ಹಾಗೇ ಜಾರುತ್ತದೆ."

"ಅದು ಗೊತ್ತಿದ್ದೂ ನೀವ್ಯಾಕೆ ಎಲೆ ತಿಂದ್ರಿ?"

ಮೂವತ್ತೊಂದು ವರ್ಷದಲ್ಲಿ ಯಾವ ಮೇಲಧಿಕಾರಿಯೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ತಿನ್ನುವಾಗ ನನಗೆ ಗೊತ್ತಿರಲಿಲ್ಲ ಎಂದು ವಾದಿಸಬಹುದಿತ್ತು. ಆದರೆ ಅದೇ ಅಲ್ಲವೇ ನನ್ನ ತಪ್ಪು? ಗೇಜ್ ಚೀಲದಲ್ಲೇ ಇತ್ತು. ಐದು ನಿಮಿಷ ತಡೆಯಿರಿ ಎಂದಿದ್ದರೆ ಸಾಕಿತ್ತು. ಹಿರಿಯರು ತಟ್ಟೆ ಹಿಡಿದಾಗ ಬೇಡವೆನ್ನುವುದು ಹೇಗೆ ಎಂಬ ದಾಕ್ಷಿಣ್ಯಕ್ಕೆ ಬಿದ್ದೆ. ವೀಡಿಯೊ ನೋಡುವ ಮಾದೇಶನನ್ನು, ತೂಕ ನೋಡುವ ಮಾವನನ್ನು ಒಂದು ತಿಂಗಳಿಂದ ಬೈದುಕೊಂಡು ತಿರುಗಿದವನು ನಾನು. ಅಳೆಯಲು ಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ, ಅಳೆಯುವ ಮೊದಲೇ ಒಪ್ಪಿಗೆ ಕೊಟ್ಟಿದ್ದೆ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

"ತಪ್ಪು ನನ್ನದಮ್ಮ" ಎಂದೆ.

ಗುರುಮಲ್ಲಪ್ಪನವರು ಊಟ ನಿಲ್ಲಿಸಿ ಆ ಕೀಯನ್ನು ಕೈಗೆತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ಸೊಸೆಯ ಕೈ ಕಡೆ ನೋಡಿದರು.

"ಎಲೆ ಕೊಟ್ಟೋನು ನಾನು. ಮೆಷಿನ್ನೂ ನಂದೇ ಕಣ್ಲಾ ಮಾದೇಶ. ಪುಣಜನೂರ್ಗೆ ಇಳಿಸ್ಕತೀನಿ. ನಿನ್ ಕಾಸಲ್ಲಿ ನೀನು ಮೇಷ್ಟ್ರು ಹೇಳ್ದುದ್ದ ತಕ್ಕೊ. ಓಗ್ಲಿ, ಮಗಾ, ಒಸಿ ಸಾರು ಬುಡವ್ವ."

ಹಾಗೆಯೇ ಮಾಡಿದರು. ಆ ಹಸಿರು ರಾಜಗಾಂಭೀರ್ಯ ಇವತ್ತಿಗೂ ಪುಣಜನೂರಿನ ಅವರ ಕೊಟ್ಟಿಗೆಯ ಪಕ್ಕ ನಿಂತಿದೆ. ಕರೆಂಟು ಕೊಟ್ಟಿಲ್ಲ. ಆಯುಧಪೂಜೆಗೆ ವಿಭೂತಿ, ಹೂವು ತಪ್ಪುವುದಿಲ್ಲ. ಬಂದವರಿಗೆಲ್ಲ ಅದರ ತೂಕ ಹೇಳುತ್ತಾರೆ. ಇದನ್ನು ನೆನೆದರೆ ನನಗೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ, ಆದರೆ ಆ ಮನುಷ್ಯನ ಮುಂದೆ ನಾನು ಸೋತೆ ಎಂಬುದೂ ನಿಜ.

ಹೊಸ ಬೆಂಚ್ ಮೆಷಿನ್ ಸಂಕ್ರಾಂತಿಗೆ ನಾಲ್ಕು ದಿನ ಮೊದಲು ಬೇಗೂರಿಗೆ ಬಂತು. ನಾನು ಎರಡು ದಿನ ಅಲ್ಲೇ ಉಳಿದೆ. ಮಟ್ಟ ನೋಡಿ, ಹೆಡ್ ನೇರ ಮಾಡಿ, ತುಂಡನ್ನು ಕಚ್ಚಿ ಹಿಡಿಯುವ ವೈಸನ್ನು ಗೇಜ್ ಹಿಡಿದು ಬಿಗಿದೆವು. ಹತ್ತು ಮಿಲಿಮೀಟರಿನ ಕಟರಿನಲ್ಲಿ ತೆಳುವಾಗಿ ಆರು ಸಲ ಕಡಿದು, ಆಮೇಲೆ ಎರಡೂ ಬದಿ ಸವರಿ ಹನ್ನೆರಡಕ್ಕೆ ತಂದೆವು. ಒಂದು ಕೀವೇಗೆ ಮುಕ್ಕಾಲು ಗಂಟೆ ಹಿಡಿಯಿತು. "ನಿಧಾನ ಅಲ್ವಾ ಮೇಷ್ಟ್ರೇ" ಎಂದ ಮಾದೇಶ. "ಮೈಸೂರಿನ ಎರಡು ದಿನಕ್ಕಿಂತ ಬೇಗ" ಎಂದೆ, ಸಿಡುಕಿನಿಂದಲೇ.

ಸುಂದ್ರಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಶೆಡ್ಡಿಗೆ ಬಂದಳು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವಳು ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

"ಮೊದ್ಲು ಅಳತೆ ನೋಡಿ ಮೇಷ್ಟ್ರೇ."

ನೋಡಿದೆ. ಅಗಲ ಹನ್ನೆರಡಕ್ಕೆ ಮಿಲಿಮೀಟರಿನ ನೂರನೇ ಎರಡು ಭಾಗ ಕಡಿಮೆ, ಕೀ ಬಿಗಿಯಾಗಿ ಕೂರಲು ಬೇಕಾದಷ್ಟೇ. ಅವಳಿಗೆ ಅದೂ ಸಾಲಲಿಲ್ಲ. ತಟ್ಟೆಯನ್ನು ಲೇತ್ ಮೇಲಿಟ್ಟು, ಹೊಸ ಕೀಯನ್ನು ತಾನೇ ಕೀವೇಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಹೋಗಲಿಲ್ಲ. ತಾಮ್ರದ ಸುತ್ತಿಗೆಯಲ್ಲಿ ಎರಡು ಸಲ ಬಡಿದಳು, ಕೂತಿತು. ಮಡಚದ ಆ ಎರಡು ಬೆರಳಿನಿಂದ ಅದನ್ನು ಅಲ್ಲಾಡಿಸಲು ನೋಡಿದಳು. ಅಲ್ಲಾಡಲಿಲ್ಲ. ಆಮೇಲೆ ತಟ್ಟೆ ನನ್ನ ಮುಂದೆ ಹಿಡಿದಳು.

ಯಂತ್ರ ಕೊಳ್ಳಲು ಸಲಹೆ ಕೇಳಿ ಈಗಲೂ ಜನ ಬರುತ್ತಾರೆ. ಎಷ್ಟು ಹೆಚ್‌ಪಿ, ಎಷ್ಟು ತೂಕ, ಯಾವ ಬಣ್ಣ ಎಂದು ಶುರು ಮಾಡುತ್ತಾರೆ. ಅದರಲ್ಲಿ ಏನು ಮಾಡುತ್ತೀಯ, ಅದು ಕೆಟ್ಟರೆ ಯಾರ ಕೈ ಸಿಕ್ಕಿಕೊಳ್ಳುತ್ತದೆ ಎಂದು ನಾನು ಮೊದಲು ಕೇಳುತ್ತೇನೆ. ಮೂವತ್ತೊಂದು ವರ್ಷ ನಾನು ಬೇರೆಯವರಿಗೆ ಕಲಿಸಿದ್ದನ್ನು, ನಿವೃತ್ತನಾದ ಮೇಲೆ ಒಬ್ಬ ಹೆಣ್ಣುಮಗಳು ಎಲೆ ತಟ್ಟೆ ಹಿಂದಕ್ಕೆಳೆದು ನನಗೆ ಕಲಿಸಿದಳು. ಅಂದಿನಿಂದ ಯಾರು ಎಷ್ಟೇ ಗೌರವದಿಂದ ತಟ್ಟೆ ನೀಡಿದರೂ ನನ್ನ ಕೈ ಮೊದಲು ಗೇಜ್ ಇರುವ ಚೀಲಕ್ಕೆ ಹೋಗುತ್ತದೆ.