ಬಿಳಿ ದಾರದ ಪೊಟ್ಟಣ

ಅಕ್ಕ ಕಣ್ಣೊರೆಸಿಕೊಳ್ಳುವುದಕ್ಕೆ ಎಂದೂ ಬೆರಳು ಬಳಸಿದವರಲ್ಲ. ಮೊಣಕೈ ಮಡಚಿ, ಮುಂಗೈಯ ಹಿಂಬದಿಯಿಂದ, ಬೆಕ್ಕು ಮುಖ ತೊಳೆದುಕೊಳ್ಳುವಂತೆ ಒಮ್ಮೆ ಉಜ್ಜಿಕೊಳ್ಳುತ್ತಿದ್ದರು. ನಕ್ಕು ನಕ್ಕು ನೀರು ಬಂದಾಗಲೂ ಹಾಗೆಯೇ, ಮಗಳನ್ನು ಗಂಡನ ಮನೆಗೆ ಕಳಿಸಿದ ದಿನವೂ ಹಾಗೆಯೇ. ವರ್ಷಾನುಗಟ್ಟಲೆ ಒಣಮೆಣಸಿನಕಾಯಿ ಕುಟ್ಟಿದ ಕೈ ಅದು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಬುಡದಲ್ಲಿ ಒಂದು ಕೆಂಪು ಗೆರೆ ಉಳಿದೇ ಇರುತ್ತಿತ್ತು. "ಈ ಕೈ ಕಣ್ಣಿಗೆ ಹೋತಂದ್ರ ಮುಗೀತ್ ತಮ್ಮಾ, ಒಂದ್ ತಾಸು ನಾ ಕುರುಡಿ," ಎನ್ನುತ್ತಿದ್ದರು.

ಗೋವಾದ ವಾಸ್ಕೋ ಊರಿನ ಸಡಾ ಗುಡ್ಡದಲ್ಲಿ, ನಮ್ಮ ಮನೆಯಿಂದ ಹದಿನಾರು ಮೆಟ್ಟಿಲು ಕೆಳಗೆ ಅವರ ಮನೆ. ಗುಡ್ಡದ ಓಣಿಯಾದ್ದರಿಂದ ನಮ್ಮಲ್ಲಿ ದೂರವನ್ನು ಮೆಟ್ಟಿಲಿನಲ್ಲೇ ಹೇಳುವುದು. ಅವರ ಯಜಮಾನರು ಬಂದರಿನಲ್ಲಿ ಮಾಲು ಇಳಿಸುವ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಬಂದವರು. ನಮ್ಮ ತಂದೆ ಧಾರವಾಡದವರು. ನಾನು ವಾಸ್ಕೋ ಪೇಟೆಯಲ್ಲಿ ಝೆರಾಕ್ಸ್ ತೆಗೆಯುವ, ಟೈಪ್ ಮಾಡಿ ಮುದ್ರಿಸಿ ಕೊಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕ ನನ್ನ ಒಡಹುಟ್ಟಿದವರಲ್ಲ. ಆದರೆ ನನ್ನ ತಾಯಿ ತೀರಿಕೊಂಡ ವರ್ಷ, ದಿನವೂ ಎರಡು ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಆ ಹದಿನಾರು ಮೆಟ್ಟಿಲು ಹತ್ತಿ ತಂದುಕೊಟ್ಟವರು ಅವರೇ. ಅಂದಿನಿಂದ ಅವರು ನನಗೆ ಅಕ್ಕ, ಯಜಮಾನರು ಮಾಮಾ.

ಅವರು ಮೂರು ಬಗೆಯ ಚಟ್ನಿಪುಡಿ ಮಾಡುತ್ತಿದ್ದರು. ಶೇಂಗಾದ್ದು, ಅಗಸಿದ್ದು, ಗುರೆಳ್ಳಿನದ್ದು. ಮಿಕ್ಸರ್ ಇದ್ದರೂ ಅದನ್ನು ಮುಟ್ಟದೆ, ಊರಿಂದ ತಂದ ಕಲ್ಲಿನ ಒರಳಿನಲ್ಲೇ ಕುಟ್ಟುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಧಡ್ ಧಡ್ ಸದ್ದು ಶುರುವಾದರೆ ಓಣಿಯ ಹೆಂಗಸರು ಚಹಾಕ್ಕೆ ನೀರಿಡುತ್ತಿದ್ದರು. ರುಚಿ ನೋಡಲು ನಾಲಿಗೆಗೆ ಹಚ್ಚುವ ಪದ್ಧತಿಯೇ ಅವರಿಗಿರಲಿಲ್ಲ. ಅಂಗೈಯಲ್ಲಿ ಚಿಟಿಕೆ ಹಾಕಿಕೊಂಡು ಮೂಸಿ, "ಉಪ್ಪು ಕಡಿಮಿ ಆತು," ಎನ್ನುತ್ತಿದ್ದರು. ಉಪ್ಪಿನ ವಾಸನೆ ಹೇಗೆ ಬರುತ್ತದೆಂದು ಕೇಳಿದರೆ ನಕ್ಕುಬಿಡುತ್ತಿದ್ದರು.

ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಮಡಚಿ ದಾರ ಕಟ್ಟುವುದು. ಶೇಂಗಾಕ್ಕೆ ಕೆಂಪು ದಾರ, ಅಗಸಿಗೆ ಬಿಳಿ, ಗುರೆಳ್ಳಿಗೆ ಕಪ್ಪು. ಸಡಾದ ಮಕ್ಕಳಿಗೂ ಈ ಗುರುತು ಗೊತ್ತಿತ್ತು. "ಅಜ್ಜಿಗೆ ಬಿಳಿ ದಾರದ್ದು ಬೇಕಂತ್ರಿ," ಎಂದು ಬಂದು ಒಯ್ಯುತ್ತಿದ್ದವು.

ಈ ದಾರದ ಗುರುತು ಓಣಿ ದಾಟಿದ ಮೇಲೆ ತೊಂದರೆ ಶುರುವಾಯಿತು. ಪಣಜಿಯ ಹತ್ತಿರ ಒಂದು ತೋಟದಲ್ಲಿ ಭಾನುವಾರದ ಮಧ್ಯಾಹ್ನ, ಕೈಯಿಂದ ಮಾಡಿದ ಸಾಮಾನುಗಳ ಸಂತೆ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದ ಮೇಡಂ ಒಬ್ಬರು ಯಾರದೋ ಮನೆಯಲ್ಲಿ ಅಕ್ಕನ ಚಟ್ನಿ ತಿಂದು, ಹುಡುಕಿಕೊಂಡು ಸಡಾಕ್ಕೇ ಬಂದು ಅವರಿಗೊಂದು ಮೇಜು ಕೊಟ್ಟರು. ಮೊದಲ ಭಾನುವಾರ ಸಂತೆ ಮುಗಿಸಿ ಬಂದ ಅಕ್ಕ ಮರುದಿನ ಬೆಳಿಗ್ಗೆ ನನ್ನ ಅಂಗಡಿಯಲ್ಲಿದ್ದರು.

"ಅಲ್ಲೆ ಒಬ್ಬಾಕಿ ಮೈ ತೊಳಿಯೋ ಸಾಬಾನು ಮಾಡಿ ಮಾರತಾಳ. ಅದರ ಮ್ಯಾಲೂ ಚೀಟಿ ಹಚ್ಯಾಳ, ಏನೇನ್ ಹಾಕೀನಿ ಅಂತ. ಸಾಬಾನು ಯಾರ್ ತಿಂತಾರ್ ತಮ್ಮಾ? ನಾ ತಿನ್ನೋದು ಮಾರಾಕತ್ತೇನಿ, ನಂದರ ಮ್ಯಾಲೆ ಒಂದ್ ಅಕ್ಷರ ಇಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಸೊಂಟದ ಚೀಲದಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. ಮಗಳ ಹಳೆಯ ನೋಟ್‌ಬುಕ್ಕಿನದು. ತಾವು ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ದುಂಡು ಕನ್ನಡ ಅಕ್ಷರದಲ್ಲಿ ಮೂರೂ ಪುಡಿಗಳಿಗೆ ಏನೇನು ಬೀಳುತ್ತದೆಂದು ಬರೆದಿದ್ದರು.

"ಇದನ್ನ ಇಂಗ್ಲೀಷಿನ್ಯಾಗ ಮಾಡಿಕೊಡು. ಅಕ್ಷರ ದೊಡ್ಡೂ ಇರಲಿ. ಕೆಳಗ ಸಡಾ ಅಂತ ಹಾಕು, ನಮ್ಮ ಫೋನ್ ನಂಬರ್ ಹಾಕು. ಮಾಡಿದ ದಿನ ಬರಿಯಾಕ ಜಾಗ ಬಿಡು, ಅದನ್ನ ನಾನ ಬರಕೋತೀನಿ."

"ಲೇಬಲ್ ಹಚ್ಚಿದ್ರ ಫ್ಯಾಕ್ಟರಿ ಮಾಲ್ ಕಂಡಂಗ ಕಾಣತೈತ್ರಿ ಅಕ್ಕಾರ," ಎಂದೆ ನಾನು. "ಕೈಲೆ ಮಾಡಿದ್ದು ಅಂತ ಗೊತ್ತಾಗಬೇಕಂದ್ರ ಹಿಂಗ ಇರಬೇಕು, ಬರೇ ದಾರ. ಅದ ಚಂದ."

ದೊಡ್ಡ ಮಾತು ಹೇಳಿದೆನೆಂಬ ಹೆಮ್ಮೆ ಬೇರೆ ಆಗ. ಅಕ್ಕ ಹಾಳೆಯನ್ನು ನನ್ನ ಕಡೆಗೆ ಸರಿಸಿದರು. "ಚಂದ ಇರಬಹುದು. ಆದ್ರ ನಾ ಎಲ್ಲಾರ ಮನಿಗೆ ಹೋಗಿ ಹೇಳಾಕ ಆಗತೈತೇನು? ಚೀಟಿ ಆದ್ರ ಹೋಗತೈತಿ," ಎಂದರು. ಮಾಡಿಕೊಡುತ್ತೇನೆ ಎಂದೆ. ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದೆ. ಓದಲಿಲ್ಲ.

ಆಮೇಲೆ ಶಾಲೆಗಳ ಪ್ರಾಜೆಕ್ಟು ಬಂದವು, ಚೌತಿಯ ಕರಪತ್ರಗಳು ಬಂದವು. ಅಕ್ಕ ಪೇಟೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಆತೇನು?" "ಮುಂದಿನ ವಾರ ಅಕ್ಕಾರ." ಅವರು ಒತ್ತಾಯಿಸುವವರಲ್ಲ. "ಕೆಲಸ ಇದ್ದಾಗ ಮಾಡ್ಕೋ, ಆದ್ರ ಮರೀಬ್ಯಾಡ," ಎಂದು ಹೊರಡುತ್ತಿದ್ದರು. ಹೀಗೆ ನಾಲ್ಕು ತಿಂಗಳಾಯಿತು.

ಅಷ್ಟರಲ್ಲಿ ಅವರ ಮಗಳ ಕುಬಸದ ದಿನ ಗೊತ್ತಾಯಿತು. ಚೊಚ್ಚಲ ಬಸುರಿ, ತಾಯಿ ಹೋಗದಿದ್ದರೆ ಹೇಗೆ? ಹಸಿರು ಸೀರೆ, ಬಳೆ, ಐದು ಬಗೆಯ ಉಂಡಿ ಕಟ್ಟಿಕೊಂಡು ಗಂಡ ಹೆಂಡತಿ ಬೆಳಗಾವಿಯ ಬಸ್ಸು ಹತ್ತಿದರು. ಆ ಭಾನುವಾರ ನನ್ನ ಅಂಗಡಿಗೂ ರಜೆ. ಸಂತೆಯ ಮೇಜಿಗೆ ನಾನೇ ಕೂರುತ್ತೇನೆಂದು ಹೇಳಿದ್ದೆ. ಎಂಟು ವರ್ಷದಿಂದ ಅವರ ಕೈಯ ಚಟ್ನಿ ತಿನ್ನುತ್ತಿದ್ದವನು, ಕೂರುವುದರಲ್ಲಿ ಕಷ್ಟವೇನು ಎಂದುಕೊಂಡೆ.

ಸಂತೆಯಲ್ಲಿ ಸಾಕಷ್ಟು ಜನವಿತ್ತು. ಏಳೆಂಟು ವರ್ಷದ ಹುಡುಗಿಯೊಬ್ಬಳ ಕೈ ಹಿಡಿದುಕೊಂಡು ಒಬ್ಬ ತಾಯಿ ಬಂದರು. ಬಿಳಿ ದಾರದ ಪೊಟ್ಟಣ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಓದಲು ಏನಾದರೂ ಇದೆಯೇ ಎಂದು ಹುಡುಕುತ್ತಿದ್ದರೆಂದು ನನಗೆ ಈಗ ಅರ್ಥವಾಗುತ್ತದೆ. ಕೊನೆಗೆ ನನ್ನನ್ನೇ ಕೇಳಿದರು. "ಭಯ್ಯಾ, ಇಸ್ಮೇ ಮೂಂಗ್‌ಫಲಿ ತೋ ನಹೀ ಹೈ ನಾ?" ಇದರಲ್ಲಿ ಶೇಂಗಾ ಇಲ್ಲ ತಾನೆ?

"ನಹೀ ಮೇಡಂ," ಎಂದೆ. "ಯೇ ತೋ ಅಲ್ಸೀ ಕಾ ಹೈ." ಅಗಸಿಯದು ಎಂದೆ. ಕೆಂಪು ದಾರದ್ದು ತೋರಿಸಿ, ಶೇಂಗಾ ಇರುವುದು ಅದರಲ್ಲಿ ಮಾತ್ರ ಎಂದೂ ಸೇರಿಸಿದೆ. ಅಷ್ಟು ಖಾತ್ರಿ ನನಗೆ. ಆ ತಾಯಿ ನೆಮ್ಮದಿಯಿಂದ ನಕ್ಕು ಪೊಟ್ಟಣ ಒಯ್ದರು.

ಮರುದಿನ ಮಧ್ಯಾಹ್ನ ಅಕ್ಕ ಬೆಳಗಾವಿಯ ಬಸ್ಸಿಳಿದು, ಮನೆಗೂ ಹೋಗದೆ, ಕೈಚೀಲ ಹಿಡಿದುಕೊಂಡೇ ನನ್ನ ಅಂಗಡಿಗೆ ಬಂದರು. ಮಗಳಿಗೆ ಉಡಿ ತುಂಬಿದ ಅಕ್ಕಿಯ ಒಂದೆರಡು ಕಾಳು ಇನ್ನೂ ಅವರ ಸೆರಗಿನಲ್ಲಿದ್ದವು. ಸಂತೆಯ ಮೇಡಂ ದಾರಿಯಲ್ಲೇ ಫೋನು ಮಾಡಿದ್ದರಂತೆ. ಆ ಹುಡುಗಿಗೆ ಶೇಂಗಾ ಆಗುವುದಿಲ್ಲ. ಬೆಳಗಿನ ದೋಸೆಗೆ ಒಂದು ಚಮಚ ಚಟ್ನಿ ಹಾಕಿದ್ದಾರೆ. ತುಟಿ ಊದಿ, ಗಂಟಲು ಬಿಗಿದು, ಉಸಿರು ಸಿಗದೆ ಆಸ್ಪತ್ರೆಗೆ ಒಯ್ದಿದ್ದಾರೆ.

"ಅಗಸಿಗೆ ಒಂದ್ ಬೊಗಸಿ ಶೇಂಗಾ ಹುರಿದು ಹಾಕತೀನಿ," ಎಂದರು ಅಕ್ಕ. "ಇಲ್ಲಂದ್ರ ಜಿಗಿ ಹಿಡೀತೈತಿ. ನಿನ್ನಿ ಯಾರರ ಕೇಳಿದ್ರೇನು ತಮ್ಮಾ, ಶೇಂಗಾ ಐತೇನು ಅಂತ?"

ಆ ಹುಡುಗಿಯ ಎರಡು ಜಡೆ ಕಣ್ಣ ಮುಂದೆ ಬಂದವು. "ಇಲ್ರಿ ಅಕ್ಕಾರ," ಎಂದೆ. "ಯಾರೂ ಕೇಳಲಿಲ್ಲ."

ಅವರು ನನ್ನ ಮುಖವನ್ನೊಮ್ಮೆ ನೋಡಿದರು. "ಆತು," ಎಂದಷ್ಟೇ ಹೇಳಿ, ಕೈಚೀಲವನ್ನು ನನ್ನ ಮೇಜಿನ ಕೆಳಗಿಟ್ಟು, ಹೊರಗೆ ಕಾಯುತ್ತಿದ್ದ ಮಾಮಾನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ನಾನೂ ಬರುತ್ತೇನೆ ಎನ್ನಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಇದ್ದದ್ದು ಒಬ್ಬರು, ಆಧಾರ್ ಕಾರ್ಡಿನ ಝೆರಾಕ್ಸಿಗೆ.

ಅವರು ಹೋದ ಮೇಲೆ ಡ್ರಾಯರ್ ತೆಗೆದೆ. ಹಾಳೆ ಮಡಚಿದಂತೆಯೇ ಇತ್ತು. ಎರಡನೆಯ ಸಾಲು ಹೀಗಿತ್ತು: "ಅಗಸಿ ಚಟ್ನಿ. ಅಗಸಿ, ಶೇಂಗಾ, ಬಳ್ಳೊಳ್ಳಿ, ಜೀರಗಿ, ಒಣಮೆಣಸಿನಕಾಯಿ, ಹುಣಸಿಹಣ್ಣು, ಉಪ್ಪು." ಶೇಂಗಾ ಎನ್ನುವುದರ ಕೆಳಗೆ ಪೆನ್ನಿನಿಂದ ಎರಡು ಗೆರೆ ಎಳೆದಿದ್ದರು.

ಸಂಜೆ ಒಬ್ಬರೇ ತಿರುಗಿ ಬಂದಾಗ ಅಕ್ಕನ ಮುಖ ಬಿಳಿಚಿತ್ತು. "ಕೂಸು ಉಳೀತು," ಎಂದರು. "ಇವತ್ತೊಂದಿನ ಅಲ್ಲೇ ಇಟ್ಕೋತಾರಂತ." ನೀರು ಕೇಳಿ ಕುಡಿದರು. ಆಮೇಲೆ, "ಆ ಹಾಳಿ ಐತಲ್ಲ, ಅದನ್ನಷ್ಟ ಮಾಡಿಕೊಡು ತಮ್ಮಾ," ಎಂದರು.

ಅವರು ಸ್ಟೂಲಿನ ಮೇಲೆ ಕೂತಿದ್ದಂತೆಯೇ ಟೈಪ್ ಮಾಡಿದೆ. ಶೇಂಗಾ ಎಂಬ ಮಾತನ್ನು ದಪ್ಪಕ್ಷರ ಮಾಡಿದೆ. ಅಂಟಿನ ಹಾಳೆಯಲ್ಲಿ ಮುದ್ರಿಸಿ, ಕತ್ತರಿಸಿ, ಮೂರು ಕಟ್ಟು ಮಾಡಿ ಕೈಗಿಟ್ಟೆ. ಎಲ್ಲ ಸೇರಿ ಒಂದು ತಾಸಿನ ಕೆಲಸ.

ಸಂತೆಯ ಮೇಜು ಹೋಯಿತು. ಮೇಡಂ ಕೆಟ್ಟವರಲ್ಲ. ಹುಡುಗಿಯ ತಂದೆ ಬಂದು ಎಲ್ಲರೆದುರು ಕೂಗಾಡಿದ ಮೇಲೆ ಅವರಿಗೂ ಬೇರೆ ದಾರಿ ಇರಲಿಲ್ಲ. ಅಕ್ಕ ಮತ್ತೆ ಓಣಿಯಲ್ಲೇ ಮಾರತೊಡಗಿದರು. ಓಣಿಯ ಹತ್ತು ಮನೆಗೆ ಕೊಡುವ ಚಟ್ನಿಗೂ ಚೀಟಿ ಹಚ್ಚಿ, ಮಾಡಿದ ದಿನವನ್ನು ತಮ್ಮ ದುಂಡು ಅಕ್ಷರದಲ್ಲಿ ಬರೆದು ಕೊಡುತ್ತಿದ್ದರು. "ನಮಗ ಗೊತ್ತಿಲ್ಲೇನ್ರಿ, ನಮಗ್ಯಾಕ್ರಿ ಚೀಟಿ?" ಎಂದು ನೆರೆಯಾಕೆ ನಕ್ಕರೆ, "ನಿನಗ ಗೊತ್ತೈತಿ. ನಿಮ್ಮನಿಗೆ ಬಂದ ಬೀಗರಿಗೆ ಗೊತ್ತೈತೇನು?" ಎನ್ನುತ್ತಿದ್ದರು. ಚೀಟಿ ತೀರಿದಾಗ ನನ್ನ ಬಳಿ ಬರುತ್ತಿದ್ದರು. ನಾನು ಆ ಕ್ಷಣವೇ ಮುದ್ರಿಸಿ ಕೊಡುತ್ತಿದ್ದೆ. ಪ್ರತಿ ಸಲವೂ ಇಂದು ನಿಜ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಯಂತ್ರದ ಸದ್ದು ನಿಲ್ಲಲಿ ಎಂದು ಕಾಯುತ್ತಿದ್ದೆ. ಸದ್ದು ನಿಂತಾಗ ಅವರು ಎದ್ದು, "ಬರತೀನಿ ತಮ್ಮಾ," ಎನ್ನುತ್ತಿದ್ದರು.

ಮೂರು ವರ್ಷ ಹೀಗೆ ಕಳೆಯಿತು. ಹೋದ ಮಾರ್ಚಿನಲ್ಲಿ, ಮೆಣಸಿನಕಾಯಿ ಬಿಸಿಲಿಗೆ ಹರವುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನಾನು ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ಓಣಿಯ ಹೆಂಗಸರು ಅವರನ್ನು ಒಳಗೆ ಮಲಗಿಸಿದ್ದರು.

ಈಗ ನನ್ನ ಅಂಗಡಿಗೆ ಉಪ್ಪಿನಕಾಯಿ ಮಾಡುವವರು, ತಲೆಗೆಣ್ಣೆ ಕಾಸುವವರು, ಶೇಂಗಾಹೋಳಿಗೆ ಮಾರುವವರು ಬಂದರೆ, ಮುಂದಿನ ವಾರ ಎಂಬ ಮಾತನ್ನು ನಾನು ಆಡುವುದಿಲ್ಲ. ಕೂರಿಸಿ, ಏನೇನು ಹಾಕುತ್ತೀರಿ ಎಂದು ಒಂದೊಂದಾಗಿ ಕೇಳಿ, ಓದಿ ತೋರಿಸಿ, ಅಂದೇ ಕೊಟ್ಟು ಕಳಿಸುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. "ಎಲ್ಲಾರಿಗೂ ಗೊತ್ತಿರೋದ ಐತಲ್ರಿ," ಎನ್ನುತ್ತಾರೆ. ನನಗೂ ಗೊತ್ತಿತ್ತು ಎಂದು ಹೇಳಬೇಕೆನಿಸುತ್ತದೆ. ಮುಂದಿನ ಸಾಮಾನು ಯಾವುದೆಂದು ಕೇಳುತ್ತೇನೆ.

ಅಕ್ಕನ ದಿನಕರ್ಮ ಮುಗಿದ ಮೇಲೆ ಒಂದು ಸಂಜೆ ಮಾಮಾನನ್ನು ಮಾತಾಡಿಸಲು ಹೋದೆ. ಮಗಳು ತನ್ನ ಕೂಸಿನೊಂದಿಗೆ ಗಂಡನ ಊರಿಗೆ ಹೋಗಿದ್ದಳು. ಅವರೊಬ್ಬರೇ ಕಟ್ಟೆಯ ಮೇಲೆ ಕೂತಿದ್ದರು. ಹೇಳಬೇಕಾದವರಿಗೆ ಹೇಳಲಾಗಲಿಲ್ಲ, ಇವರಿಗಾದರೂ ಹೇಳೋಣವೆಂದು ಬಾಯಿ ತೆರೆದೆ. "ಮಾಮಾರ, ಅವತ್ತು ಸಂತ್ಯಾಗ ಅವರು ಕೇಳಿದ್ರು. ಶೇಂಗಾ ಇಲ್ಲ ಅಂತ ಹೇಳಿದಾಂವ ನಾನ."

ಅವರು ಆಶ್ಚರ್ಯಪಡಲಿಲ್ಲ.

"ಗೊತ್ತೈತಿ. ದವಾಖಾನ್ಯಾಗ ಆ ಕೂಸಿನ ಅವ್ವ ಅತಗೋತ ಅದನ್ನ ಹೇಳಿದ್ಲು. 'ನಾವು ಕೇಳಿದ್ವಿ, ಮೇಜಿಗೆ ಕುಂತಾಂವ ಇಲ್ಲ ಅಂದ' ಅಂತ. ನಿಮ್ಮಕ್ಕ ಏನಂದ್ಲು? 'ಹಂಗ ಹೇಳು ಅಂತ ಅವನಿಗೆ ಹೇಳಿದಾಕಿನ ನಾನು, ತಪ್ಪು ನಂದು' ಅಂದ್ಲು. ಕೈ ಮುಗಿದು ನಿಂತ್ಲು. ನನಗ ಭಾಳ ಸಿಟ್ಟು ಬಂದಿತ್ತು ನಿನ್ನ ಮ್ಯಾಲೆ. ಅಂಗಡಿಗೆ ಬರಾಂವಿದ್ದೆ. ಆಕಿನ ಬಿಡಲಿಲ್ಲ. 'ಅಂವ ಗೊತ್ತಿಲ್ದ ಹೇಳ್ಯಾನ, ಗೊತ್ತು ಮಾಡಿಕೊಡೋದು ಚಟ್ನಿ ಮಾಡಿದಾಕಿ ಕೆಲಸ, ನಾ ಮಾಡಲಿಲ್ಲ' ಅಂದ್ಲು."

ಸುಮ್ಮನೆ ಕೂರಲು ನನ್ನಿಂದ ಆಗಲಿಲ್ಲ. ಅಕ್ಕ ತಮ್ಮ ಕೆಲಸ ಮಾಡಿಯಾಗಿತ್ತು, ಎಲ್ಲವನ್ನೂ ಬರೆದು ನನ್ನ ಕೈಗೆ ಕೊಟ್ಟಿದ್ದರು, ಆ ಹಾಳೆ ನಾಲ್ಕು ತಿಂಗಳು ನನ್ನ ಡ್ರಾಯರಿನಲ್ಲಿ ಓದದೆ ಬಿದ್ದಿತ್ತು ಎಂದು ಹೇಳಿದೆ.

ಮಾಮಾ ತಲೆಯೆತ್ತಿ ನನ್ನನ್ನೇ ನೋಡಿದರು.

"ಇದನ್ನ ಆಕಿ ನನಗೂ ಹೇಳಿರಲಿಲ್ಲ," ಎಂದರು.